ಕ್ರೂಸ್‌ನ ಫಾರ್ಮಲ್ ರಾತ್ರಿಗೆ ಟಕ್ಸೀಡೊ, ಸೂಟು, ಗೌನು: ಯಾವುದನ್ನು ಒಯ್ಯಬೇಕು?

ಕ್ರೂಸ್‌ಗೆ ಸೂಟ್‌ಕೇಸ್ ತುಂಬುವಾಗ ಅತಿ ಹೆಚ್ಚು ಜಾಗ ತಿನ್ನುವುದು ಎರಡೇ ಎರಡು ಫಾರ್ಮಲ್ ಸಂಜೆಯ, ಅಂದರೆ ಎಲ್ಲರೂ ಸಿಂಗರಿಸಿಕೊಂಡು ಊಟಕ್ಕೆ ಬರುವ ಸಂಜೆಯ, ಬಟ್ಟೆ. ಏಳು ರಾತ್ರಿಯ ಪ್ರಯಾಣದ ಬಹುಪಾಲು ಟೀ ಶರ್ಟು, ಹತ್ತಿ ಪ್ಯಾಂಟಿನಲ್ಲೇ ಕಳೆದುಹೋಗುತ್ತದೆ. ಆ ಎರಡು ರಾತ್ರಿಗೆ ಮಾತ್ರ ಕೋಟು, ಗೌನು, ಬೇರೆ ಶೂ, ಬೇರೆ ಒಳಉಡುಪು, ಒಡವೆ ಎಲ್ಲವೂ ಬೇಕು. ಇವನ್ನು ಮನೆಯ ಕನ್ನಡಿಯ ಮುಂದೆ ನಿಂತು ಆರಿಸಿದರೆ ಸಾಲದು. ಎರಡು ದಿನ ಮಡಚಿಟ್ಟ ಮೇಲೆ, ಇಸ್ತ್ರಿಪೆಟ್ಟಿಗೆ ಇಲ್ಲದ ಪುಟ್ಟ ಕ್ಯಾಬಿನ್‌ನಲ್ಲಿ, ಓಲಾಡುವ ನೆಲದ ಮೇಲೆ ಆ ಬಟ್ಟೆ ಹೇಗಿರುತ್ತದೆ ಎಂದು ನೋಡಿ ಆರಿಸಬೇಕು.

ಮೊದಲು ಹಡಗಿನ ನಿಯಮ ಓದಿ

‘ಫಾರ್ಮಲ್’ ಎಂಬ ಪದಕ್ಕೆ ಒಂದೊಂದು ಕಂಪನಿಯಲ್ಲಿ ಒಂದೊಂದು ಅರ್ಥ. ಕುನಾರ್ಡ್ ಕಂಪನಿಯ ಕ್ವೀನ್ ಮೇರಿ 2, ಕ್ವೀನ್ ವಿಕ್ಟೋರಿಯಾ, ಕ್ವೀನ್ ಎಲಿಜಬೆತ್ ಮತ್ತು 2024ರಲ್ಲಿ ಸೇರಿದ ಕ್ವೀನ್ ಆ್ಯನ್ ಹಡಗುಗಳಲ್ಲಿ ಈ ಸಂಜೆಗೆ ‘ಗಾಲಾ ಈವ್ನಿಂಗ್’ ಎಂದು ಹೆಸರು. ಅಲ್ಲಿ ಇದನ್ನು ಗಂಭೀರವಾಗಿಯೇ ಪಾಲಿಸುತ್ತಾರೆ. ಸಂಜೆ ಆರರ ನಂತರ ಗಂಡಸರು ಟಕ್ಸೀಡೊ (ರೇಷ್ಮೆಯ ಕಾಲರ್ ಇರುವ ಕಪ್ಪು ಕೋಟು, ಬೋ ಟೈ ಕೂಡಿದ ಉಡುಪು) ಅಥವಾ ಟೈ ಕಟ್ಟಿದ ಗಾಢ ಬಣ್ಣದ ಸೂಟಿನಲ್ಲಿರಬೇಕು, ಹೆಂಗಸರು ಈವ್ನಿಂಗ್ ಗೌನು, ಕಾಕ್‌ಟೇಲ್ ಡ್ರೆಸ್ ಅಥವಾ ಫಾರ್ಮಲ್ ಟ್ರೌಸರ್ ಸೂಟಿನಲ್ಲಿರಬೇಕು. ಹಾಗೆ ಉಡಲು ಮನಸ್ಸಿಲ್ಲದವರಿಗೆ ಬಫೆ, ಪಬ್ ಥರದ ಕೆಲವು ಜಾಗಗಳು ಮಾತ್ರ ಉಳಿಯುತ್ತವೆ. ಕೆಲವು ಗಾಲಾ ಸಂಜೆಗಳಿಗೆ ಕಪ್ಪು-ಬಿಳುಪು, ಮುಖವಾಡ ಎಂಬಂಥ ವಿಷಯವೂ ಇರುತ್ತದೆ. ವಿಷಯಕ್ಕೆ ತಕ್ಕಂತೆ ಉಡುವುದು ಕಡ್ಡಾಯವಲ್ಲ, ಫಾರ್ಮಲ್ ಆಗಿರುವುದು ಮುಖ್ಯ. ಕನ್ನಡಕ ಹಾಕುವವರು ಕಟ್ಟುವ ಮುಖವಾಡದ ಬದಲು ಹಿಡಿಕಡ್ಡಿ ಇರುವುದನ್ನು ಒಯ್ದರೆ ಪೇಚಾಟ ತಪ್ಪುತ್ತದೆ.

ಕಾರ್ನಿವಲ್ ಕಂಪನಿಯಲ್ಲಿ ‘ಕ್ರೂಸ್ ಎಲಿಗೆಂಟ್’ ಎಂಬ ಹೆಸರಿದೆ. ಎರಡರಿಂದ ಐದು ದಿನದ ಪ್ರಯಾಣದಲ್ಲಿ ಒಂದು, ಆರು ದಿನ ಅಥವಾ ಅದಕ್ಕಿಂತ ಹೆಚ್ಚಾದರೆ ಎರಡು ಇಂಥ ರಾತ್ರಿಗಳು. ಅಲ್ಲಿ ಒಳ್ಳೆಯ ಪ್ಯಾಂಟು, ಕಾಲರ್ ಇರುವ ಶರ್ಟು ಹಾಕಿದವರನ್ನು ಬಾಗಿಲಲ್ಲಿ ತಡೆಯುವುದಿಲ್ಲ. ಸೂಟು ನಿಮ್ಮ ಇಷ್ಟ. ಸೆಲೆಬ್ರಿಟಿ ಕಂಪನಿ 2015ರ ಕೊನೆಗೆ ಫಾರ್ಮಲ್ ರಾತ್ರಿಯನ್ನೇ ಕೈಬಿಟ್ಟು ‘ಈವ್ನಿಂಗ್ ಶಿಕ್’ ಎಂಬ ಸಡಿಲ ನಿಯಮ ತಂದಿತು. ನಾರ್ವೀಜಿಯನ್ ತನ್ನ ‘ಫ್ರೀಸ್ಟೈಲ್’ ಪದ್ಧತಿಯನ್ನು 2000ದಲ್ಲೇ ಶುರು ಮಾಡಿ, ಕಡ್ಡಾಯದ ಫಾರ್ಮಲ್ ರಾತ್ರಿಯನ್ನು ತೆಗೆದುಹಾಕಿತು. ವೈಕಿಂಗ್, ಓಷಿಯಾನಿಯಾ ಹಡಗುಗಳಲ್ಲಿ ಫಾರ್ಮಲ್ ರಾತ್ರಿಯೇ ಇಲ್ಲ. ವರ್ಜಿನ್ ವಾಯೇಜಸ್‌ನಲ್ಲೂ ಇಲ್ಲ, ಆದರೆ ‘ಸ್ಕಾರ್ಲೆಟ್ ನೈಟ್’ ಎಂಬ ಸಂಜೆ ಎಲ್ಲರೂ ಕೆಂಪು ಉಡುತ್ತಾರೆ. ಅಲ್ಲಿಗೆ ಟಕ್ಸೀಡೊ ಒಯ್ದರೆ ಅದು ಸೂಟ್‌ಕೇಸ್‌ನಲ್ಲೇ ಮಲಗಿರುತ್ತದೆ, ಕೆಂಪು ಶರ್ಟು ಇಲ್ಲದವರು ಮಾತ್ರ ಎದ್ದು ಕಾಣುತ್ತಾರೆ.

ಕಂಪನಿಗಳು ಈ ನಿಯಮವನ್ನೂ ಅದರ ಹೆಸರನ್ನೂ ಆಗಾಗ ಬದಲಿಸುತ್ತವೆ. ಐದು ವರ್ಷದ ಹಿಂದೆ ಹೋಗಿಬಂದವರ ಮಾತು ಇಂದಿಗೆ ಒಪ್ಪದಿರಬಹುದು. ಟಿಕೆಟ್ ಕಾಯ್ದಿರಿಸಿದ ಮೇಲೆ ಒಮ್ಮೆ, ಹೊರಡುವ ವಾರಕ್ಕೆ ಮುಂಚೆ ಇನ್ನೊಮ್ಮೆ ಕಂಪನಿಯ ಆ್ಯಪ್‌ನಲ್ಲಿ ನಿಮ್ಮ ಪ್ರಯಾಣದ ದಿನಾಂಕದ್ದೇ ಉಡುಪಿನ ಪಟ್ಟಿ ನೋಡಿ.

ಯಾವ ರಾತ್ರಿ ಎಂಬುದಕ್ಕೂ ಒಂದು ಲೆಕ್ಕವಿದೆ. ಹಡಗು ಹತ್ತುವಾಗ ಒಪ್ಪಿಸಿದ ದೊಡ್ಡ ಪೆಟ್ಟಿಗೆ ಕ್ಯಾಬಿನ್ನಿಗೆ ಬರುವಾಗ ಒಮ್ಮೊಮ್ಮೆ ಸಂಜೆ ಕಳೆದಿರುತ್ತದೆ, ಆದ್ದರಿಂದ ಮೊದಲ ರಾತ್ರಿ ಸಾಮಾನ್ಯವಾಗಿ ಫಾರ್ಮಲ್ ಇರುವುದಿಲ್ಲ. ಕೊನೆಯ ರಾತ್ರಿ ಪೆಟ್ಟಿಗೆಗಳನ್ನು ಬಾಗಿಲ ಹೊರಗೆ ಇಡಬೇಕಾಗುತ್ತದೆ, ಅಂದೂ ಇರುವುದಿಲ್ಲ. ಬಂದರಿನಲ್ಲಿ ದಿನವಿಡೀ ಸುತ್ತಿ ಬಂದವರಿಗೆ ಸಿಂಗಾರಕ್ಕೆ ಪುರಸೊತ್ತಿರುವುದಿಲ್ಲ. ಹೀಗಾಗಿ ಹಡಗು ನಡುಗಡಲಲ್ಲಿರುವ ದಿನಗಳೇ ಹೆಚ್ಚಾಗಿ ಫಾರ್ಮಲ್ ದಿನಗಳು, ಅದರಲ್ಲೂ ಮೊದಲನೆಯದು ಎರಡನೇ ರಾತ್ರಿಯೇ ಬರುವುದುಂಟು. ಅಂದರೆ ವಿಮಾನದಲ್ಲಿ ಪೆಟ್ಟಿಗೆ ತಪ್ಪಿಹೋದರೆ ಮೊದಲು ಕೈಕೊಡುವುದು ಫಾರ್ಮಲ್ ಉಡುಪೇ. ಕೋಟನ್ನೋ ಗೌನನ್ನೋ ಕೈಸಾಮಾನಿನಲ್ಲಿ ಒಯ್ಯಿರಿ ಎಂದು ಒತ್ತಿ ಹೇಳುವುದು ಈ ಕಾರಣಕ್ಕೆ.

ಗಂಡಸರಿಗೆ: ಟಕ್ಸೀಡೊವೋ ಗಾಢ ಸೂಟೋ?

ನೇರವಾಗಿ ಹೇಳುವುದಾದರೆ, ಒಂದೋ ಎರಡೋ ಫಾರ್ಮಲ್ ರಾತ್ರಿ ಇರುವ ಪ್ರಯಾಣಕ್ಕೆ ಗಾಢ ಸೂಟೇ ಸರಿ. ಮೂರು ಅಥವಾ ಅದಕ್ಕಿಂತ ಹೆಚ್ಚು ಗಾಲಾ ರಾತ್ರಿಗಳಿದ್ದು, ಹಡಗೂ ಕುನಾರ್ಡ್‌ನಂತೆ ಕಟ್ಟುನಿಟ್ಟಾಗಿದ್ದರೆ ಟಕ್ಸೀಡೊ ಗೆಲ್ಲುತ್ತದೆ.

ಟಕ್ಸೀಡೊ ಎಲ್ಲರ ಮೈಮೇಲೂ ಒಂದೇ ಥರ ಕಾಣುವ ಉಡುಪು. ನಾಲ್ಕು ರಾತ್ರಿ ಅದನ್ನೇ ಹಾಕಿದರೂ ಯಾರಿಗೂ ಗೊತ್ತಾಗುವುದಿಲ್ಲ, ಟೈ ಬದಲಿಸುವ ಯೋಚನೆಯೂ ಇಲ್ಲ. ಸೂಟಿನಲ್ಲಿ ಬದಲಾವಣೆ ಕಾಣಬೇಕೆಂದರೆ ಎರಡು ಟೈ, ಎರಡು ಶರ್ಟು ಬೇಕು. ಆದರೆ ಸೂಟು ಇಡೀ ವಾರ ದುಡಿಯುತ್ತದೆ: ಕೋಟನ್ನು ವಿಮಾನದಲ್ಲಿ ಹಾಕಿಕೊಂಡೇ ಹೋಗಬಹುದು, ಅದೇ ಕೋಟನ್ನು ಟೈ ಇಲ್ಲದೆ ಉಳಿದ ಸಂಜೆಗಳ ಊಟಕ್ಕೂ ಹಾಕಬಹುದು. ಟಕ್ಸೀಡೊದ ಕೋಟು ಆ ಒಂದು ಕೆಲಸ ಬಿಟ್ಟು ಬೇರೆಯದಕ್ಕೆ ಬಾರದು. ಕೋಟು, ಪ್ಯಾಂಟು, ಶರ್ಟು, ಶೂ, ಬಿಡಿಸಾಮಾನು ಎಲ್ಲ ಸೇರಿ ಸುಮಾರು ಮೂರು ಕಿಲೋ ಆಗುತ್ತದೆ. ವಿಮಾನದ ಸಾಮಾನಿಗೆ 23 ಕಿಲೋದ ಮಿತಿ ಇರುವವರು ಇದನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಸೂಟಿನ ಬಣ್ಣ ಕಡುನೀಲಿ ಅಥವಾ ಕಡುಬೂದು ಇರಲಿ. ಕಪ್ಪು ಸೂಟಿಗೆ ಅಡ್ಡಿಯೇನಿಲ್ಲ, ಆದರೆ ರೇಷ್ಮೆಯ ಕಾಲರ್ ಇಲ್ಲದ ಕಪ್ಪು ಸೂಟು ಟಕ್ಸೀಡೊಗಳ ನಡುವೆ ನಿಂತಾಗ ಅದರ ಅಗ್ಗದ ನಕಲಿನಂತೆ ಕಾಣುತ್ತದೆ. ಕಡುನೀಲಿ ತನ್ನ ಪಾಡಿಗೆ ತಾನು ಚೆನ್ನಾಗಿರುತ್ತದೆ. ಬಟ್ಟೆ ಉಣ್ಣೆಯದಾಗಿರಲಿ, ಚದರ ಮೀಟರಿಗೆ 240ರಿಂದ 270 ಗ್ರಾಂ ತೂಕದ್ದಾದರೆ ಪ್ರಯಾಣಕ್ಕೆ ಹದ. ‘ಸೂಪರ್ 150’ ಎಂದು ಬರೆದಿರುವ ತೀರಾ ನವಿರಾದ ಉಣ್ಣೆ ಅಂಗಡಿಯಲ್ಲಿ ಮನ ಸೆಳೆಯುತ್ತದೆ, ಆದರೆ ಎಳೆ ತೆಳುವಾದಷ್ಟೂ ಸುಕ್ಕು ಹಿಡಿಯುತ್ತದೆ, ಬಿಡುವುದು ತಡ. ಹೆಚ್ಚು ಹುರಿ ಮಾಡಿದ ನೂಲಿನ ಉಣ್ಣೆಯನ್ನು ಒಂದು ರಾತ್ರಿ ತೂಗುಹಾಕಿದರೆ ತನ್ನಷ್ಟಕ್ಕೇ ನೆಟ್ಟಗಾಗುತ್ತದೆ. ಲಿನನ್ ಸೂಟು ಈ ಸಂಜೆಗೆ ಬೇಡವೇ ಬೇಡ. ಕೂತು ಎದ್ದರೆ ಸಾಕು, ಮೊಣಕಾಲ ಹಿಂದೆ ಬಲೆ ನೇಯ್ದಂತೆ ಸುಕ್ಕು.

ಟಕ್ಸೀಡೊ ಆರಿಸಿದವರು ಬಿಡಿಭಾಗಗಳನ್ನು ಒಂದೊಂದಾಗಿ ಎಣಿಸಿ ಇಡಬೇಕು, ಎಡವಟ್ಟಾಗುವುದು ಅಲ್ಲೇ. ಕಾಲರ್ ಮಡಚಿರುವ ಬಿಳಿ ಶರ್ಟು, ಎದೆಯ ಗುಂಡಿಗಳ ಬದಲಿಗೆ ಹಾಕುವ ಸ್ಟಡ್‌ಗಳು, ತೋಳಿನ ತುದಿಯನ್ನು ಕೂಡಿಸುವ ಒಂದು ಜೊತೆ ಕಫ್ ಲಿಂಕ್, ಕಪ್ಪು ಬೋ ಟೈ, ಸೊಂಟಕ್ಕೆ ಸುತ್ತುವ ನೆರಿಗೆಯ ಪಟ್ಟಿ ಕಮರ್‌ಬಂಡ್ ಅಥವಾ ವೇಸ್ಟ್‌ಕೋಟು, ಮೊಣಕಾಲವರೆಗೆ ಬರುವ ಕಪ್ಪು ಕಾಲುಚೀಲ, ಪ್ಯಾಂಟಿಗೆ ಸಸ್ಪೆಂಡರ್. ಬೆಲ್ಟು ಬೇಡ. ಟಕ್ಸೀಡೊ ಪ್ಯಾಂಟಿಗೆ ಬೆಲ್ಟಿನ ಪಟ್ಟಿಯೇ ಇರುವುದಿಲ್ಲ, ಇದ್ದರೆ ಅದು ಹೊಲಿದವರ ತಪ್ಪು. ಕಮರ್‌ಬಂಡಿನ ನೆರಿಗೆಯ ಬಾಯಿ ಮೇಲಕ್ಕಿರಬೇಕು. ಅರ್ಧಕ್ಕರ್ಧ ಜನ ಕೆಳಮುಖವಾಗಿ ಕಟ್ಟುತ್ತಾರೆ.

ಅತಿ ಹೆಚ್ಚು ಮರೆತುಹೋಗುವ ವಸ್ತು ಕಫ್ ಲಿಂಕ್. ಹಡಗಿನ ಅಂಗಡಿ ಬಂದರಿನಲ್ಲಿ ನಿಂತಿರುವಾಗ ಮುಚ್ಚಿರುತ್ತದೆ, ತೆರೆದಾಗಲೂ ಬೇಕಾದ್ದು ಸಿಗದಿರಬಹುದು. ಆಗ ಒಂದೊಂದು ತೋಳಿಗೆ ಶರ್ಟಿನ ಎರಡೆರಡು ಗುಂಡಿ ತೆಗೆದುಕೊಂಡು, ನಡುವೆ ಒಂದು ಸೆಂಟಿಮೀಟರ್ ಅಂತರ ಬಿಟ್ಟು ನಾಲ್ಕೈದು ಸುತ್ತು ದಾರ ಎಳೆದು, ಆ ದಾರಗಳಿಗೇ ಅಡ್ಡಲಾಗಿ ಬಿಗಿಯಾಗಿ ಸುತ್ತಿ ಗಂಟು ಹಾಕಿ. ಒಂದು ಗುಂಡಿಯನ್ನು ಓರೆ ಮಾಡಿ ತೋಳಿನ ನಾಲ್ಕೂ ಕಾಜಗಳ ಮೂಲಕ ತೂರಿಸಿದರೆ ಅದೇ ಕಫ್ ಲಿಂಕ್. ಕೋಟಿನ ತೋಳಿನಿಂದ ಒಂದೂವರೆ ಸೆಂಟಿಮೀಟರ್ ಮಾತ್ರ ಹೊರಗಿಣುಕುವ ಕಫ್‌ನಲ್ಲಿ ವ್ಯತ್ಯಾಸ ಯಾರ ಕಣ್ಣಿಗೂ ಬೀಳುವುದಿಲ್ಲ. ಹೆಚ್ಚುವರಿ ಗುಂಡಿ ನಾಲ್ಕು, ಸೂಜಿ, ಬಿಳಿ ಮತ್ತು ಕಪ್ಪು ದಾರ ಪೆಟ್ಟಿಗೆಯಲ್ಲಿರಲಿ.

ಬೋ ಟೈ ಸ್ವತಃ ಕಟ್ಟಿಕೊಳ್ಳುವುದೋ, ಕಟ್ಟಿದ್ದನ್ನೇ ಕೊಕ್ಕೆ ಹಾಕುವುದೋ? ಮೊದಲೇ ಅಭ್ಯಾಸವಿದ್ದರೆ ಕಟ್ಟಿಕೊಳ್ಳಿ. ಸ್ವಲ್ಪ ಸೊಟ್ಟಗಿದ್ದರೂ ಅದರಲ್ಲಿ ಜೀವವಿರುತ್ತದೆ. ಅಭ್ಯಾಸವಿಲ್ಲದವರು ಊಟಕ್ಕೆ ಅರ್ಧ ಗಂಟೆ ಇರುವಾಗ, ಹಡಗು ಅಲುಗುವಾಗ ಕಲಿಯಲು ಹೊರಡಬೇಡಿ. ಕೊಕ್ಕೆಯದ್ದು ಕೊಳ್ಳುವಾಗ ಒಂದನ್ನೇ ನೋಡಿ: ಹಿಂದಿನ ಪಟ್ಟಿ ರಬ್ಬರಿನದಾಗಿರದೆ ಅಳತೆ ಹೊಂದಿಸುವ ಬಟ್ಟೆಯದಾಗಿರಲಿ. ರಬ್ಬರು ಎರಡು ಗಂಟೆಯಲ್ಲಿ ಸಡಿಲವಾಗಿ ಬೋ ಕೆಳಗೆ ಜಾರುತ್ತದೆ. ಶರ್ಟಿನ ಕಾಲರ್ ಮತ್ತು ಕತ್ತಿನ ನಡುವೆ ಎರಡು ಬೆರಳು ಸಲೀಸಾಗಿ ಹೋಗಬೇಕು. ಕ್ರೂಸ್‌ನ ಊಟಕ್ಕೆ ವಾರದ ಕೊನೆಗೆ ಬಿಗಿಯಾಗದ ಬಟ್ಟೆ ಕಡಿಮೆ, ಇದು ಸೊಂಟಕ್ಕೂ ಅನ್ವಯಿಸುತ್ತದೆ.

ಬಿಳಿ ಡಿನ್ನರ್ ಜಾಕೆಟ್ ಬೆಚ್ಚನೆಯ ಕಡಲುಗಳಿಗೆ ಸಂಪ್ರದಾಯದಿಂದಲೂ ಒಪ್ಪುವ ಉಡುಪು, ನೋಡಲು ಬಲು ಚಂದ. ಆದರೆ ಒಂದು ತೊಟ್ಟು ಸಾಸ್ ಬಿದ್ದರೆ ಎರಡನೇ ಗಾಲಾ ರಾತ್ರಿಗೆ ಹಾಕಿಕೊಳ್ಳಲು ಏನೂ ಉಳಿಯುವುದಿಲ್ಲ. ಅದನ್ನು ಎರಡನೆಯ ಕೋಟಾಗಿ ಮಾತ್ರ ಒಯ್ಯಿರಿ. ಬ್ಲೇಜರ್ ಮತ್ತು ಬೇರೆ ಬಣ್ಣದ ಪ್ಯಾಂಟಿನ ಜೋಡಿ ಕಾರ್ನಿವಲ್‌ನಂಥ ಹಡಗಿನಲ್ಲಿ ಬೇಕಾದಷ್ಟಾಯಿತು, ಗಾಲಾ ಸಂಜೆಯಲ್ಲಿ ಕಡಿಮೆಯಾಯಿತು.

ಬಾಡಿಗೆಗೆ ತರುವುದಾದರೆ

ಕೆಲವು ಕಂಪನಿಗಳಲ್ಲಿ ಟಕ್ಸೀಡೊವನ್ನು ಮುಂಗಡವಾಗಿ ಕಾಯ್ದಿರಿಸಿ ಕ್ಯಾಬಿನ್ನಿಗೇ ತರಿಸಿಕೊಳ್ಳಬಹುದು. ಸೂಟ್‌ಕೇಸ್ ಹಗುರಾಗುವುದು ಲಾಭ. ಅಪಾಯವೆಲ್ಲ ಅಳತೆಯಲ್ಲಿ. ಜನ ತಮ್ಮ ಜೀನ್ಸ್ ಮೇಲಿರುವ ಸೊಂಟದ ಸಂಖ್ಯೆಯನ್ನು ಬರೆದು ಕಳಿಸುತ್ತಾರೆ. ಜೀನ್ಸ್ ಕೂರುವುದು ಸೊಂಟದ ಕೆಳಗೆ, ಟಕ್ಸೀಡೊ ಪ್ಯಾಂಟು ಕೂರಬೇಕಾದ್ದು ಹೊಕ್ಕುಳಿನ ಹತ್ತಿರ. ಎರಡರ ನಡುವೆ ಒಂದೆರಡು ಅಂಗುಲದ ಅಂತರ ಬಂದೇ ಬರುತ್ತದೆ. ಎದೆ, ಹೊಕ್ಕುಳ ಮಟ್ಟದ ಸೊಂಟ, ಪೃಷ್ಠ, ಕತ್ತು, ಬೆನ್ನ ನಡುವಿನಿಂದ ಮಣಿಕಟ್ಟಿನವರೆಗೆ ತೋಳು, ತೊಡೆಸಂದಿನಿಂದ ಹಿಮ್ಮಡಿಯವರೆಗೆ ಕಾಲು, ಇಷ್ಟನ್ನೂ ದರ್ಜಿಯ ಕೈಯಲ್ಲೇ ಅಳೆಸಿ. ಹಡಗು ಹತ್ತಿದ ದಿನವೇ ಪೊಟ್ಟಣ ಬಿಚ್ಚಿ ಹಾಕಿ ನೋಡಿ. ಫಾರ್ಮಲ್ ರಾತ್ರಿಯ ಸಂಜೆ ಐದಕ್ಕೆ ಬಿಚ್ಚಿದರೆ ಬದಲಿಸಿಕೊಡಲು ಅವರಿಗೂ ಸಮಯವಿರುವುದಿಲ್ಲ. ಎಲ್ಲೋ ಒಂದು ಪ್ರಯಾಣಕ್ಕೆ ಟಕ್ಸೀಡೊ ಬೇಕೆನ್ನುವವರಿಗೆ ಬಾಡಿಗೆ ಸರಿ. ಭುಜ ಅಗಲ, ಹೊಟ್ಟೆ ದೊಡ್ಡದು, ತೋಳು ಉದ್ದ, ಹೀಗೆ ಸಿದ್ಧ ಅಳತೆಗೆ ಒಗ್ಗದ ಮೈಕಟ್ಟಿನವರಿಗೆ ತಮ್ಮದೇ ಸೂಟು ಒಯ್ಯುವುದು ಉತ್ತಮ.

ಹೆಂಗಸರಿಗೆ: ಉದ್ದ ಗೌನು, ಮೊಣಕಾಲುದ್ದದ ಡ್ರೆಸ್, ಟ್ರೌಸರ್ ಜೋಡಿ

ಇಲ್ಲಿ ಆಯ್ಕೆ ಹೆಚ್ಚು, ತಪ್ಪಿಗೆ ದಾರಿಯೂ ಹೆಚ್ಚು. ವಿನ್ಯಾಸಕ್ಕಿಂತ ಮೊದಲು ಬಟ್ಟೆಯ ಜಾತಿ ನೋಡಬೇಕು, ಯಾಕೆಂದರೆ ಕ್ಯಾಬಿನ್‌ನಲ್ಲಿ ಮೇಲಕ್ಕೆತ್ತಿದಾಗ ಗೌನು ಉಡುವಂತಿದೆಯೋ ಇಲ್ಲವೋ ಎಂಬುದನ್ನು ತೀರ್ಮಾನಿಸುವುದು ಅದೇ.

ಹೊಳಪಿಲ್ಲದ ಜರ್ಸಿ ಬಟ್ಟೆ ಪ್ರಯಾಣಕ್ಕೆ ಹೇಳಿ ಮಾಡಿಸಿದ್ದು. ಹೆಣೆದ ಬಟ್ಟೆಯಾದ್ದರಿಂದ ಸುರುಳಿ ಸುತ್ತಿ ಮೂಲೆಗೆ ತುರುಕಿದರೂ ಗೆರೆ ನಿಲ್ಲುವುದಿಲ್ಲ. ಇಡೀ ಗೌನು ಅರ್ಧ ಕಿಲೋ ಆಸುಪಾಸಿನಲ್ಲಿರುತ್ತದೆ, ಊಟದ ನಂತರವೂ ಮೈಗೆ ಹೊಂದಿಕೊಳ್ಳುತ್ತದೆ. ಒಂದೇ ತೊಡಕು, ಒಳಉಡುಪಿನ ಅಂಚು ಎದ್ದು ಕಾಣುತ್ತದೆ. ಅದಕ್ಕೆ ತಕ್ಕ ಹೊಲಿಗೆಯಿಲ್ಲದ ಒಳಉಡುಪನ್ನು ಗೌನಿನ ಜೊತೆಗೇ ಕಟ್ಟಿಡಿ, ಇಲ್ಲವಾದರೆ ಅದೇ ಮನೆಯಲ್ಲಿ ಉಳಿಯುತ್ತದೆ. ಕ್ರೇಪ್ ಎರಡನೇ ಸ್ಥಾನದಲ್ಲಿದೆ: ಜರ್ಸಿಗಿಂತ ಚೆನ್ನಾಗಿ ಬೀಳುತ್ತದೆ, ಸುಕ್ಕೂ ಕಡಿಮೆ. ಶಿಫಾನ್ ಹಗುರ ನಿಜ, ಆದರೆ ತೆರೆದ ಡೆಕ್ಕಿಗೆ ಕಾಲಿಟ್ಟ ಕ್ಷಣ ಗಾಳಿ ಅದನ್ನು ಎತ್ತಿ ಮುಖಕ್ಕೆ ಹೊಡೆಯುತ್ತದೆ. ಅಂಚಿಗೆ ತೂಕವಿಲ್ಲದ ಯಾವ ಬಟ್ಟೆಯ ಕತೆಯೂ ಇದೇ.

ಸ್ಯಾಟಿನ್ ಚಿತ್ರದಲ್ಲಿ ಅತಿ ಚಂದ ಕಾಣುತ್ತದೆ, ಪೆಟ್ಟಿಗೆಯಲ್ಲಿ ಅತಿ ಬೇಗ ಕೆಡುತ್ತದೆ. ಮಡಿಕೆಯ ಗೆರೆ ಹೊಳಪಿನ ಮೇಲೆ ಬೆಳ್ಳಿತಂತಿಯಂತೆ ಎದ್ದು ಕೂರುತ್ತದೆ. ಅದನ್ನು ಬಿಡಿಸಲು ನೀರು ಚಿಮುಕಿಸಿದಿರೋ, ನೀರು ಒಣಗಿದ ಕಡೆಯೆಲ್ಲ ಉಂಗುರದಂಥ ಕಲೆ ಉಳಿಯುತ್ತದೆ. ಅಸಿಟೇಟ್ ಮತ್ತು ರೇಷ್ಮೆಯ ಸ್ಯಾಟಿನ್‌ಗಳಲ್ಲಿ ಈ ಕಾಟ ಜಾಸ್ತಿ, ಪಾಲಿಯೆಸ್ಟರ್‌ನದರಲ್ಲಿ ಕಡಿಮೆ. ಸ್ಯಾಟಿನ್ ಒಯ್ಯಲೇಬೇಕೆಂದಿದ್ದರೆ ಮಡಚದೆ, ಡ್ರೈ ಕ್ಲೀನರ್ ಕೊಡುವ ತೆಳು ಪ್ಲಾಸ್ಟಿಕ್ ಹೊದಿಕೆಯೊಳಗೆ ಹಾಕಿ ಸಡಿಲವಾಗಿ ಸುತ್ತಿ. ಪ್ಲಾಸ್ಟಿಕ್‌ನಲ್ಲಿ ಬಟ್ಟೆ ಜಾರುತ್ತದೆ, ಒಂದೇ ಕಡೆ ಒತ್ತಿ ನಿಲ್ಲುವುದಿಲ್ಲ, ಹಾಗಾಗಿ ಗೆರೆ ಮೂಡುವುದು ಕಡಿಮೆ.

ಚಮಕಿ ಹೊಲಿದ ಗೌನು ಸುಕ್ಕಿನ ಮಟ್ಟಿಗೆ ನಿಶ್ಚಿಂತೆ, ತೂಕದ ಮಟ್ಟಿಗೆ ಭಾರ. ಪೂರ್ತಿ ಚಮಕಿಯದ್ದು ಒಂದೂವರೆ ಕಿಲೋ ದಾಟುವುದುಂಟು. ತೂಗುಹಾಕಿದರೆ ತನ್ನ ಭಾರಕ್ಕೆ ತಾನೇ ಜಗ್ಗಿ ಉದ್ದವಾಗುತ್ತದೆ, ಆದ್ದರಿಂದ ಕ್ಯಾಬಿನ್‌ನಲ್ಲಿ ಅದನ್ನು ಒಳಮಗ್ಗುಲು ಹೊರಗೆ ಮಾಡಿ ಡ್ರಾಯರಿನಲ್ಲಿ ಇಡಿ. ಕಂಕುಳಲ್ಲಿ ಚಮಕಿ ಇದ್ದರೆ ಎರಡು ಗಂಟೆಯಲ್ಲಿ ಚರ್ಮ ಕೆಂಪಾಗುತ್ತದೆ. ಕೊಳ್ಳುವ ಮೊದಲೇ ತೋಳನ್ನು ಹಿಂದೆ ಮುಂದೆ ಆಡಿಸಿ ನೋಡಬೇಕು.

ಇನ್ನು ಉದ್ದದ ಮಾತು. ನೆಲ ಮುಟ್ಟುವ ಗೌನು ಗಾಲಾ ಸಂಜೆಗೆ ಪೂರ್ಣ ಒಪ್ಪುತ್ತದೆ, ಆದರೆ ಕಡ್ಡಾಯವಲ್ಲ. ಕುನಾರ್ಡ್‌ನಲ್ಲೂ ಕಾಕ್‌ಟೇಲ್ ಡ್ರೆಸ್‌ಗೆ ಅವಕಾಶವಿದೆ. ಉದ್ದದ್ದನ್ನೇ ಆರಿಸಿದರೆ, ಆ ರಾತ್ರಿ ಹಾಕುವ ಚಪ್ಪಲಿಯನ್ನೇ ಮೆಟ್ಟಿ ನಿಂತು ಅಂಚನ್ನು ಅಳೆಯಿರಿ. ನೆಲದ ಮೇಲಿನ ಸಮಾರಂಭಕ್ಕೆ ಎರಡು ಸೆಂಟಿಮೀಟರ್ ಎತ್ತರ ಬಿಡುತ್ತಾರೆ. ಹಡಗಿಗೆ ಮೂರೂವರೆ, ನಾಲ್ಕು ಬಿಡಿ. ಊಟದ ಹೊತ್ತಿಗೆ ಲಿಫ್ಟ್ ಮುಂದೆ ಗುಂಪು ನಿಂತಿರುತ್ತದೆ, ಮೆಟ್ಟಿಲು ಹತ್ತುವ ಪ್ರಸಂಗ ಬಂದೇ ಬರುತ್ತದೆ. ಹಡಗು ಓಲಾಡಿದಾಗ ಕಂಬಿ ಹಿಡಿಯಲು ಒಂದು ಕೈ ಬೇಕು, ಪರ್ಸಿಗೆ ಇನ್ನೊಂದು. ಗೌನು ಎತ್ತಿ ಹಿಡಿಯಲು ಮೂರನೆಯ ಕೈ ಇಲ್ಲ.

ತೋಳಿಲ್ಲದೆ ಎದೆಯ ಮಟ್ಟದಲ್ಲಿ ನಿಲ್ಲುವ ಗೌನಿಗೆ ಒಳಗೆ ಕಡ್ಡಿ ಹೊಲಿದಿರುತ್ತಾರೆ. ನಿಂತಾಗ ಹಾಯೆನಿಸುವುದು ಕೂತಾಗ ಹೊಟ್ಟೆಗೆ ಚುಚ್ಚುತ್ತದೆ. ಹಡಗಿನ ಊಟ ನಾಲ್ಕೈದು ಸುತ್ತಿನದು, ಒಂದೂವರೆ ಎರಡು ಗಂಟೆ ಕೂರಬೇಕು. ಮನೆಯಲ್ಲಿ ಅದನ್ನುಟ್ಟು ಗಟ್ಟಿ ಕುರ್ಚಿಯಲ್ಲಿ ಇಪ್ಪತ್ತು ನಿಮಿಷ ಕೂತು ನೋಡಿ; ಉತ್ತರ ತಾನಾಗಿ ಸಿಗುತ್ತದೆ. ಊಟದ ಹಾಲ್ ಮತ್ತು ನಾಟಕಶಾಲೆಯ ಎಸಿ ಚಳಿ ಹುಟ್ಟಿಸುವಷ್ಟು ಇರುತ್ತದೆ, ಎಂಥ ಬಿಸಿಲುನಾಡಿನ ಪ್ರಯಾಣವಾದರೂ ಒಂದು ತೆಳು ಶಾಲು ಇರಲಿ.

ಹೆಚ್ಚು ಫಾರ್ಮಲ್ ರಾತ್ರಿಗಳಿರುವ ಪ್ರಯಾಣಕ್ಕೆ ನಾವು ಮೊದಲು ಹೇಳುವುದು ಗೌನನ್ನೇ ಅಲ್ಲ. ಚೆನ್ನಾಗಿ ಬೀಳುವ ಕಪ್ಪು ಕ್ರೇಪ್‌ನ ಅಗಲ ಪಲಾಜೊ ಅಥವಾ ನೆಲಮಟ್ಟದ ಸ್ಕರ್ಟು ಒಂದು, ಅದರ ಮೇಲೆ ಮೂರು ಟಾಪು: ಒಂದು ಚಮಕಿಯದು, ಒಂದು ಲೇಸಿನದು, ಒಂದು ಗಾಢ ಬಣ್ಣದ ಸ್ಯಾಟಿನ್. ಮೂರು ರಾತ್ರಿ ಮೂರು ಬೇರೆ ಉಡುಪಿನಂತೆ ಕಾಣುತ್ತದೆ, ತೂಕ ಒಂದು ಭಾರಿ ಗೌನಿನಷ್ಟೂ ಆಗುವುದಿಲ್ಲ. ಒಂದರ ಮೇಲೆ ಸಾಸ್ ಚೆಲ್ಲಿದರೆ ಉಳಿದವು ಇರುತ್ತವೆ. ಫೋಟೊದಲ್ಲಿ ಜನರ ಕಣ್ಣು ನಿಲ್ಲುವುದು ಸೊಂಟದ ಮೇಲಿನ ಭಾಗದಲ್ಲಿ, ಬದಲಾವಣೆಯೂ ಅಲ್ಲೇ ಇರಲಿ. ಉದ್ದ ಗೌನು ಉಡುವುದೇ ಈ ಪ್ರಯಾಣದ ಸಂತೋಷ ಎನ್ನುವವರು ಖಂಡಿತ ಒಂದನ್ನು ಒಯ್ಯಿರಿ, ಎರಡನೇ ರಾತ್ರಿಗೆ ಮಾತ್ರ ಮೊಣಕಾಲುದ್ದದ ಡ್ರೆಸ್ ಇಟ್ಟುಕೊಳ್ಳಿ.

ಸಾಂಪ್ರದಾಯಿಕ ಉಡುಪು

ಕಿಲ್ಟ್, ಕಿಮೋನೊ, ಸೀರೆ, ಶೇರ್ವಾನಿ, ಬಂದ್‌ಗಲಾ ಉಟ್ಟು ಬರುವವರು ಫಾರ್ಮಲ್ ರಾತ್ರಿಗಳಲ್ಲಿ ಕಾಣಸಿಗುತ್ತಾರೆ. ಅಚ್ಚುಕಟ್ಟಾದ ಸಾಂಪ್ರದಾಯಿಕ ಉಡುಪನ್ನು ಅನೇಕ ಕಂಪನಿಗಳು ಫಾರ್ಮಲ್ ಎಂದೇ ಒಪ್ಪುತ್ತವೆ. ಸೀರೆಯ ದೊಡ್ಡ ಅನುಕೂಲ ಎಂದರೆ ಚಪ್ಪಟೆಯಾಗಿ ಮಡಚಿ ಪೆಟ್ಟಿಗೆಯ ತಳದಲ್ಲಿಡಬಹುದು, ಮೈ ದಪ್ಪ ಸಣ್ಣವಾದರೂ ಉಡಲು ಬರುತ್ತದೆ. ಹಡಗಿಗೆ ಗರಿಗರಿ ಸೀರೆಗಿಂತ ಮೈಗೆ ಕೂರುವ ಕ್ರೇಪ್ ಅಥವಾ ಜಾರ್ಜೆಟ್ ಲೇಸು. ನೆರಿಗೆಗೆ ಒಳಗಿನಿಂದ ಒಂದು ಪಿನ್ನು, ಭುಜಕ್ಕೆ ಒಂದು, ಸೆರಗಿನ ಕೆಳಗೆ ಸೊಂಟದ ಹತ್ತಿರ ಮತ್ತೊಂದು ಹಾಕಿ. ಡೆಕ್ಕಿನ ಗಾಳಿಗೆ ಭುಜದ ಪಿನ್ನೊಂದೇ ಸಾಲದು, ಸೆರಗು ಎಳೆದು ರವಿಕೆ ಹರಿಯುತ್ತದೆ. ಬಂದ್‌ಗಲಾ ಹಾಕುವವರಿಗೆ ಟೈ, ಸ್ಟಡ್, ಕಮರ್‌ಬಂಡ್ ಯಾವ ಪಟ್ಟಿಯೂ ಬೇಡ. ಗಾಢ ಬಣ್ಣದ ಉಣ್ಣೆಯದಾದರೆ ಟಕ್ಸೀಡೊ ಪಕ್ಕದಲ್ಲಿ ಯಾವ ಕೊರತೆಯೂ ಕಾಣುವುದಿಲ್ಲ.

ಕಾಲಿಗೆ ಏನು?

ಉಡುಪಿಗಿಂತ ಮೊದಲು ಶೂ ನಿರ್ಧರಿಸಿ ಎಂದರೆ ವಿಚಿತ್ರ ಅನಿಸಬಹುದು. ಜಾಗ, ತೂಕ, ಅಂಚಿನ ಅಳತೆ ಎಲ್ಲ ಅದನ್ನೇ ಅವಲಂಬಿಸಿವೆ. ಹೆಂಗಸರಿಗೆ ಐದರಿಂದ ಏಳು ಸೆಂಟಿಮೀಟರ್ ಎತ್ತರದ ಅಗಲ ಹಿಮ್ಮಡಿಯ ಚಪ್ಪಲಿ ಸಾಕು. ಚೂಪು ಹಿಮ್ಮಡಿ ಹಡಗಿನಲ್ಲಿ ಎರಡು ಕಡೆ ಕೈಕೊಡುತ್ತದೆ: ಮರದ ಹಲಗೆಯ ಡೆಕ್ಕಿನ ಸಂದಿಯಲ್ಲಿ ಸಿಕ್ಕಿಕೊಳ್ಳುತ್ತದೆ, ದಪ್ಪ ಕಾರ್ಪೆಟ್ಟಿನ ಮೆಟ್ಟಿಲಲ್ಲಿ ಹೂತು ಪಾದ ಹೊರಳಿಸುತ್ತದೆ. ಅಲೆ ಹೆಚ್ಚಿದ್ದ ರಾತ್ರಿಗೆಂದು ಹೊಳಪಿನ ಚಪ್ಪಟೆ ಚಪ್ಪಲಿಯನ್ನೂ ಇಟ್ಟುಕೊಳ್ಳಿ. ಗಂಡಸರಿಗೆ ಚೆನ್ನಾಗಿ ಪಾಲಿಶ್ ಮಾಡಿದ, ಲೇಸು ಕಟ್ಟುವ ಸಾದಾ ಕಪ್ಪು ಶೂ ಒಂದೇ ಸೂಟಿಗೂ ಟಕ್ಸೀಡೊಗೂ ಆಗುತ್ತದೆ. ಹೊಸ ಶೂವನ್ನು ಹಡಗಿನಲ್ಲೇ ಮೊದಲ ಬಾರಿ ಹಾಕಬೇಡಿ. ಚರ್ಮದ ಹೊಸ ಅಟ್ಟೆ ಹಾಸುಗಲ್ಲಿನ ಮೇಲೆ ಜಾರುತ್ತದೆ, ಒರಟು ನೆಲದ ಮೇಲೆ ಎರಡು ದಿನ ಓಡಾಡಿದರೆ ಹಿಡಿತ ಬರುತ್ತದೆ.

ಮಕ್ಕಳಿಗೆ ಇಷ್ಟೆಲ್ಲ ಬೇಡ. ಕಾಲರ್ ಶರ್ಟು, ಉದ್ದ ಪ್ಯಾಂಟು, ಮುಚ್ಚಿದ ಶೂ ಅಥವಾ ಒಂದು ಒಳ್ಳೆಯ ಫ್ರಾಕು ಸಾಕು.

ಮಡಚುವುದು, ಸುಕ್ಕು ಬಿಡಿಸುವುದು

ಬಹುತೇಕ ಕಂಪನಿಗಳು ಇಸ್ತ್ರಿಪೆಟ್ಟಿಗೆಯನ್ನೂ ಹಬೆಯ ಸ್ಟೀಮರನ್ನೂ ಕ್ಯಾಬಿನ್ನಿಗೆ ಒಯ್ಯಲು ಬಿಡುವುದಿಲ್ಲ, ಬೆಂಕಿಯ ಭಯ. ಹತ್ತುವಾಗ ಸ್ಕ್ಯಾನರ್‌ನಲ್ಲಿ ಕಂಡರೆ ತೆಗೆದಿಟ್ಟುಕೊಂಡು ಇಳಿಯುವಾಗ ವಾಪಸು ಕೊಡುತ್ತಾರೆ. ಕುನಾರ್ಡ್, ಪ್ರಿನ್ಸೆಸ್ ಹಡಗುಗಳಲ್ಲಿ ಪ್ರಯಾಣಿಕರೇ ಬಳಸುವ ಲಾಂಡ್ರಿ ಕೋಣೆಯೂ ಇಸ್ತ್ರಿಯೂ ಇರುತ್ತದೆ. ರಾಯಲ್ ಕೆರಿಬಿಯನ್‌ನಲ್ಲಿ ಅದಿಲ್ಲ. ಗಾಲಾ ದಿನ ಸಂಜೆ ನಾಲ್ಕರ ಮೇಲೆ ಆ ಕೋಣೆಯಲ್ಲಿ ಸಾಲು ಇರುತ್ತದೆ, ಬೆಳಗಿನ ತಿಂಡಿಯ ಹೊತ್ತಿಗೆ ಹೋದರೆ ಖಾಲಿ. ಹಡಗಿನವರ ಕೈಗೇ ಇಸ್ತ್ರಿಗೆ ಕೊಡುವುದಾದರೆ ಹತ್ತಿದ ದಿನವೇ ಕೊಟ್ಟುಬಿಡಿ.

ಕೋಟು ಮಡಚುವ ಕ್ರಮ ಹೀಗೆ. ಜೇಬೆಲ್ಲ ಖಾಲಿ ಮಾಡಿ, ಎಡ ಭುಜವನ್ನು ಒಳಮಗ್ಗುಲು ಹೊರಗೆ ತಿರುಗಿಸಿ. ಬಲ ಭುಜವನ್ನು ತಿರುಗಿಸದೆ ಹಾಗೇ ಎಡ ಭುಜದ ಒಳಕ್ಕೆ ತೂರಿಸಿ, ಎರಡು ಬಟ್ಟಲು ಒಂದರೊಳಗೊಂದು ಕೂತಂತೆ. ಈಗ ಹೊರಗೆ ಕಾಣುವುದು ಅಸ್ತರು ಮಾತ್ರ, ಕಾಲರಿನ ಮಡಿಕೆ ಒಳಗೆ ಸುರಕ್ಷಿತ. ನಡುವೆ ಸುರುಳಿ ಸುತ್ತಿದ ಎರಡು ಟೀ ಶರ್ಟು ಇಟ್ಟು ಅದರ ಮೇಲೆ ಕೋಟನ್ನು ಅರ್ಧಕ್ಕೆ ಬಾಗಿಸಿ. ಬಾಗುವ ಕಡೆ ಚೂಪು ಗೆರೆಯ ಬದಲು ದುಂಡು ತಿರುವು ಬರುತ್ತದೆ, ಅದು ತೂಗುಹಾಕಿದರೆ ಹೋಗುತ್ತದೆ. ಪ್ಯಾಂಟನ್ನು ಇಸ್ತ್ರಿಯ ಗೆರೆಯ ಮೇಲೇ ಮಡಚಿ, ಅರ್ಧ ಪೆಟ್ಟಿಗೆಯ ಹೊರಗೆ ಬಿಟ್ಟು ಹಾಸಿ, ಅದರ ಮೇಲೆ ಕೋಟಿಟ್ಟು, ಉಳಿದರ್ಧವನ್ನು ಮೇಲೆ ಹೊದಿಸಿ.

ಕ್ಯಾಬಿನ್ ತಲುಪಿದ ಕೂಡಲೇ ತೂಗುಹಾಕಿ. ಬೀರುವಿನಲ್ಲಿ ಹ್ಯಾಂಗರ್ ಸಾಲದಿರಬಹುದು, ತೆಳುವಾದ ನಾಲ್ಕೈದು ಒಯ್ಯಿರಿ. ಕ್ಯಾಬಿನ್ ಗೋಡೆ ಸಾಮಾನ್ಯವಾಗಿ ಉಕ್ಕಿನದು, ಆಯಸ್ಕಾಂತದ ಕೊಕ್ಕೆ ಅಂಟಿಕೊಳ್ಳುತ್ತದೆ. ಉದ್ದ ಗೌನಿಗೆ ಇದು ಬೀರುವಿಗಿಂತ ಒಳ್ಳೆಯ ಜಾಗ. ಕ್ಯಾಬಿನ್ ಕೀಲಿಯ ಕಾರ್ಡಿನಲ್ಲಿ ಮ್ಯಾಗ್ನೆಟಿಕ್ ಪಟ್ಟಿ ಇದ್ದರೆ ಮಾತ್ರ ಅದನ್ನು ಈ ಕೊಕ್ಕೆಯಿಂದಲೂ, ಆಯಸ್ಕಾಂತದ ಗುಂಡಿ ಇರುವ ಪರ್ಸಿನಿಂದಲೂ ದೂರವಿಡಿ, ಕಾರ್ಡು ಕೆಲಸ ನಿಲ್ಲಿಸುತ್ತದೆ.

ಉಣ್ಣೆಗೆ ಸುಕ್ಕು ಉಳಿದಿದ್ದರೆ ಬಚ್ಚಲಿನ ಹಬೆ ಸಾಕು. ಹತ್ತು ನಿಮಿಷ ಬಿಸಿನೀರು ಬಿಟ್ಟು, ಬಾಗಿಲು ಮುಚ್ಚಿ, ನೀರು ತಾಗದಂತೆ ಕೋಟು ತೂಗುಹಾಕಿ. ಹಡಗಿನ ಬಚ್ಚಲಿನ ಫ್ಯಾನು ಹಬೆಯನ್ನು ಬೇಗ ಎಳೆದುಬಿಡುತ್ತದೆ, ಹಾಗಾಗಿ ನಲ್ಲಿ ನಿಲ್ಲಿಸಿದ ಮೇಲೆ ಕಾಯುವುದರಲ್ಲಿ ಅರ್ಥವಿಲ್ಲ. ಬೆಚ್ಚಗಿರುವಾಗಲೇ ಕೈಯಿಂದ ಮೇಲಿನಿಂದ ಕೆಳಕ್ಕೆ ನೇವರಿಸಿ, ಹೊರಗೆ ತೂಗುಹಾಕಿ, ಕನಿಷ್ಠ ಅರ್ಧ ಗಂಟೆ ಆರಲು ಬಿಡಿ. ಒದ್ದೆ ಉಣ್ಣೆಯನ್ನು ಹಾಕಿಕೊಂಡರೆ ಮೊಣಕೈ, ಮೊಣಕಾಲಲ್ಲಿ ಚೀಲದಂತೆ ಜೋಲುತ್ತದೆ. ವೆಲ್ವೆಟ್ಟಿಗೂ ಇದೇ ಮದ್ದು, ಆದರೆ ನೇವರಿಸದೆ ಹಬೆಗೆ ಮಾತ್ರ ಬಿಡಿ. ರೇಷ್ಮೆ, ಅಸಿಟೇಟ್ ಸ್ಯಾಟಿನ್‌ಗಳನ್ನು ಬಚ್ಚಲಿಗೆ ತರಲೇಬೇಡಿ.

ಊಟದಲ್ಲಿ ಕಲೆಯಾದರೆ ಉಜ್ಜಬೇಡಿ, ಒಣ ಕರವಸ್ತ್ರದಿಂದ ಒತ್ತಿ ಹೀರಿಸಿ. ಬಿಳಿ ಶರ್ಟಾದರೆ ತಣ್ಣೀರಲ್ಲಿ ಅದ್ದಿದ ಬಟ್ಟೆಯಿಂದ ಕಲೆಯ ಹೊರ ಅಂಚಿನಿಂದ ನಡುವಿಗೆ ಒತ್ತುತ್ತ ಬನ್ನಿ. ಎಣ್ಣೆಯ ಕಲೆಗೆ ಅಂದೇ ರಾತ್ರಿ ಟಾಲ್ಕಂ ಪೌಡರ್ ದಪ್ಪಗೆ ಉದುರಿಸಿ, ಬೆಳಿಗ್ಗೆ ಕೊಡವಿ. ಎರಡನೇ ಫಾರ್ಮಲ್ ರಾತ್ರಿ ಇನ್ನೂ ಬಾಕಿಯಿದ್ದರೆ ಅದೇ ಬೆಳಿಗ್ಗೆ ಕೋಟನ್ನು ಕಿಟಕಿಯ ಬೆಳಕಿಗೆ ಹಿಡಿದು ಕಾಲರು, ತೋಳಿನ ತುದಿ, ಪ್ಯಾಂಟಿನ ತೊಡೆಯ ಭಾಗ ಮೂರನ್ನೂ ಒಮ್ಮೆ ನೋಡಿಕೊಳ್ಳಿ; ರಾತ್ರಿಯ ಮಂದ ದೀಪದಲ್ಲಿ ಕಾಣದ ಕಲೆ ಅಲ್ಲಿರುತ್ತದೆ.